ಪದ ಪರಿಚಯ: ರಿಬೇಟ್

"ಮಾನಿಟರ್ 199ಕ್ಕೆ ಸಿಕ್ತು, 50 ಡಾಲರ್ ರಿಬೇಟ್ ಇತ್ತು." ಅಮೆರಿಕದಲ್ಲಿರುವ ನಮ್ಮ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. 199ಕ್ಕೆ ಸಿಕ್ಕಿಲ್ಲ ಕಣ್ರೀ. ಕೌಂಟರಿನಲ್ಲಿ ಕಾರ್ಡ್ ಉಜ್ಜಿದ್ದು 249ಕ್ಕೆ. ಬಾಕಿ 50 ಡಾಲರ್ ಇನ್ನೂ ಕಂಪನಿಯ ಹತ್ತಿರವೇ ಇದೆ. ಅದನ್ನು ಕೇಳಿ ಪಡೆಯುವ ಕೆಲಸ ನಿಮ್ಮದು. ಕೇಳದೇ ಇದ್ದರೆ ಮಾನಿಟರಿನ ಬೆಲೆ 249, ಅಷ್ಟೇ.

ಬಿಲ್ ಆಗುವ ಮೊದಲೇ ಬೆಲೆ ಇಳಿದರೆ ಅದು ಡಿಸ್ಕೌಂಟ್. ಪೂರ್ತಿ ದುಡ್ಡು ಕೊಟ್ಟ ಮೇಲೆ ಒಂದಿಷ್ಟು ವಾಪಸ್ ಬಂದರೆ ರಿಬೇಟ್. ಫಾರ್ಮ್ ತುಂಬಿ, ಪೆಟ್ಟಿಗೆಯ ಬಾರ್‌ಕೋಡ್ ಕತ್ತರಿಸಿ ಸೇರಿಸಿ, ಅಂಚೆಯಲ್ಲಿ ಕಳಿಸಿ ತರಿಸಿಕೊಳ್ಳಬೇಕಾದ್ದು ಮೇಲ್-ಇನ್ ರಿಬೇಟ್. ಕ್ರೆಡಿಟ್ ಕಾರ್ಡಿಗೆ ತಾನಾಗಿಯೇ ಜಮಾ ಆಗುವ ಕ್ಯಾಶ್‌ಬ್ಯಾಕ್ ಬೇರೆ. ಅದಕ್ಕೆ ಯಾರೂ ಕತ್ತರಿ ಹಿಡಿದು ಕೂರಬೇಕಿಲ್ಲ. ಗಲಿಬಿಲಿ ಹೆಚ್ಚಿಸಿದ್ದು 'ಇನ್‌ಸ್ಟಂಟ್ ರಿಬೇಟ್' ಎಂಬ ಹೆಸರು. ಅದನ್ನು ಕೌಂಟರಿನಲ್ಲೇ ಬಿಲ್ಲಿನಿಂದ ಕಳೆದುಬಿಡುತ್ತಾರೆ, ಅಂದರೆ ನಿಮ್ಮ ಮಟ್ಟಿಗೆ ಡಿಸ್ಕೌಂಟೇ.

ಪದ ಬಂದದ್ದು ಹಳೆಯ ಫ್ರೆಂಚಿನಿಂದ. ಮೂಲ ಅರ್ಥ 'ಬಡಿದು ತಗ್ಗಿಸು'. ಎಷ್ಟನ್ನು ಎಂದಾಗಲೀ, ಯಾವಾಗ ಎಂದಾಗಲೀ ಪದದೊಳಗೆ ಇಲ್ಲ. ನಮ್ಮ ಬಡಗಿಗಳು ಬಾಗಿಲ ಚೌಕಟ್ಟಿಗೆ 'ರಿಬೇಟ್ ಹೊಡೆಯುವುದು' ಎನ್ನುತ್ತಾರಲ್ಲ, ಕದ ಕೂರುವ ಆ ಮೆಟ್ಟಿಲಿನಂಥ ಕಚ್ಚಿಗೂ ಬೇರು ಇದೇ. ವ್ಯಾಪಾರದಲ್ಲಿ 'ಮೊದಲು ಪೂರ್ತಿ ಕೊಡು, ಆಮೇಲೆ ವಾಪಸ್ ತಗೋ' ಎಂಬ ಅರ್ಥ ಎದ್ದು ಕಂಡದ್ದು ಅಮೆರಿಕದ ರೈಲುಗಳಲ್ಲಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್‌ನಂಥ ದೊಡ್ಡ ಗಿರಾಕಿಗಳಿಗೆ ರೈಲು ಕಂಪನಿಗಳು ಸಾಗಣೆ ದರದಲ್ಲಿ ಒಂದು ಪಾಲನ್ನು ಗುಟ್ಟಾಗಿ ಹಿಂದಿರುಗಿಸುತ್ತಿದ್ದವು. ಬೋರ್ಡಿನ ಮೇಲೆ ಎಲ್ಲರಿಗೂ ಒಂದೇ ದರ, ಒಳಗೆ ದೊಡ್ಡವರಿಗೆ ಬೇರೆ. ಸಣ್ಣ ವ್ಯಾಪಾರಿಗಳು ಇದರಿಂದ ನೆಲಕಚ್ಚಿದರು. ಕೊನೆಗೆ 1903ರ ಎಲ್ಕಿನ್ಸ್ ಕಾಯ್ದೆ ಅಂಥ ರಿಬೇಟುಗಳನ್ನು ನಿಷೇಧಿಸಿತು. ತೋರಿಸುವ ಬೆಲೆಯೇ ಬೇರೆ, ಕೊನೆಗೆ ಕೈಯಿಂದ ಹೋಗುವ ದುಡ್ಡೇ ಬೇರೆ ಎಂಬ ಗುಣ ಆಗಿನಿಂದಲೂ ಇದೆ.

ನಮ್ಮವರು ತಪ್ಪಾಗಿ ಬಳಸುವುದಕ್ಕೆ ಕಾರಣ ಬಹುಶಃ ಖಾದಿ ಭಂಡಾರ. ಗಾಂಧಿ ಜಯಂತಿ ಬಂದರೆ 'ಖಾದಿಗೆ ರಿಬೇಟ್' ಎಂಬ ಬೋರ್ಡು. ಪಂಚೆಯ ಬಿಲ್ಲಿನಲ್ಲೇ ಅಷ್ಟು ಕಳೆದು ಕೊಡುತ್ತಿದ್ದರು. ಹಾಗಾಗಿ ರಿಬೇಟ್ ಅಂದರೆ ಬೆಲೆ ಇಳಿಕೆ ಎಂದೇ ಮನಸ್ಸಿನಲ್ಲಿ ಕೂತಿತು. ಅಲ್ಲಿ ಹೆಸರು ತಪ್ಪೇನೂ ಅಲ್ಲ. ಸರ್ಕಾರ ಆ ದುಡ್ಡನ್ನು ಆಮೇಲೆ ಖಾದಿ ಸಂಸ್ಥೆಗೆ ತುಂಬಿಕೊಡುತ್ತಿತ್ತು. ಕಾಯುತ್ತಿದ್ದದ್ದು ಅಂಗಡಿ, ಗಿರಾಕಿಯಲ್ಲ. ಅಮೆರಿಕದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಯುವವರು ನೀವು.

ಇನ್ನು ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾದಂಥ ಕಡೆ ತಯಾರಕರ ರಿಬೇಟ್ ಇದ್ದರೂ ಮಾರಾಟ ತೆರಿಗೆ ಪೂರ್ತಿ ಬೆಲೆಯ ಮೇಲೇ ಬೀಳುತ್ತದೆ. ತೆರಿಗೆ ಶೇ 8 ಅಂದುಕೊಳ್ಳಿ. 249ಕ್ಕೆ 19.92 ಡಾಲರ್ ಕಟ್ಟುತ್ತೀರಿ. 199ಕ್ಕಾಗಿದ್ದರೆ 15.92. ಆ 4 ಡಾಲರ್ ಯಾವ ಚೆಕ್ಕಿನಲ್ಲೂ ವಾಪಸ್ ಬರುವುದಿಲ್ಲ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ರಿಬೇಟ್ ಕೈತಪ್ಪುವುದು ಸಾಮಾನ್ಯವಾಗಿ ಸಣ್ಣ ಸಣ್ಣ ವಿಷಯಕ್ಕೆ. ಪೆಟ್ಟಿಗೆಯ ಮೇಲೆ ಮೂರು ನಾಲ್ಕು ಬಾರ್‌ಕೋಡ್ ಇರುತ್ತವೆ. ಕಂಪನಿಯವರು ಕೇಳುವುದು 12 ಅಂಕೆಯ ಯುಪಿಸಿ, ಅಂದರೆ ಅದು ಯಾವ ಮಾಲು ಎಂದು ಗುರುತಿಸುವ ಬಾರ್‌ಕೋಡ್. ಜನ ಅವಸರದಲ್ಲಿ ಸೀರಿಯಲ್ ನಂಬರಿನ ಪಟ್ಟಿ ಕತ್ತರಿಸಿ ಕಳಿಸುತ್ತಾರೆ, ಅರ್ಜಿ ತಿರಸ್ಕಾರ. ಕೆಲವು ಫಾರ್ಮುಗಳು ಎರಡನ್ನೂ ಕೇಳುತ್ತವೆ, ಅದಕ್ಕೇ ಕತ್ತರಿ ಹಿಡಿಯುವ ಮೊದಲು ಫಾರ್ಮ್ ಪೂರ್ತಿ ಓದಬೇಕು. ಇನ್ನೊಂದು ಮಾತು: ಯುಪಿಸಿ ಕತ್ತರಿಸಿದ ಪೆಟ್ಟಿಗೆಯನ್ನು ಅಂಗಡಿಯವರು ವಾಪಸ್ ತಗೊಳ್ಳದೇ ಇರಬಹುದು. ಮಾನಿಟರ್ ಹಚ್ಚಿ, ಸರಿಯಿದೆ ಅಂತ ನೋಡಿಕೊಂಡು ಆಮೇಲೆ ಕತ್ತರಿಸಿ. ಹಾಗಂತ ತಿಂಗಳುಗಟ್ಟಲೆ ಬಿಡಬೇಡಿ. ಗಡುವು ಎರಡು ಇರುತ್ತವೆ. ಒಂದು ಕೊಂಡ ದಿನಕ್ಕೆ, ಇನ್ನೊಂದು ಲಕೋಟೆಯ ಮೇಲಿನ ಅಂಚೆ ಮುದ್ರೆಗೆ. ಎರಡನೆಯದನ್ನು ಮರೆತು ದುಡ್ಡು ಕಳಕೊಂಡವರೇ ಜಾಸ್ತಿ.

ನಮ್ಮವರಿಗೇ ವಿಶೇಷವಾಗಿ ಕಾಡುವುದು ಎರಡಿವೆ. ಮೊದಲನೆಯದು 'ಒಂದು ಮನೆಗೆ ಒಂದೇ' ಎಂಬ ಷರತ್ತು. ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ವರು ಗೆಳೆಯರು ಇದ್ದು ನಾಲ್ವರೂ ಅದೇ ರೌಟರ್ ಕೊಂಡರೆ, ಕಂಪನಿಯ ಕಣ್ಣಿಗೆ ಅದು ಒಂದೇ ವಿಳಾಸ. ಎರಡನೆಯದು ಹೆಸರು. ಊರು, ಅಪ್ಪನ ಹೆಸರು ಎಲ್ಲ ಇನಿಶಿಯಲ್ ಆಗಿ ಮುಂದೆ ಕೂತ ಹೆಸರನ್ನು ಫಾರ್ಮಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಬರೆದರೆ, ಬಂದ ಚೆಕ್ಕನ್ನು ಜಮಾ ಮಾಡುವಾಗ ತಕರಾರು. ಖಾತೆಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಕಳಿಸುವ ಮೊದಲು ರಸೀದಿ, ಫಾರ್ಮ್, ಯುಪಿಸಿ, ಲಕೋಟೆ ಎಲ್ಲದರ ಫೋಟೊ ತೆಗೆದಿಡಿ. ಈಗ ಎಷ್ಟೋ ಕಡೆ ಅಂಚೆ ಬೇಡ, ಫೋಟೊ ಅಪ್‌ಲೋಡ್ ಮಾಡಿದರೆ ಸಾಕು. ಷರತ್ತುಗಳು ಮಾತ್ರ ಅವೇ. ಚೆಕ್ ಬರಲು ಆರರಿಂದ ಹತ್ತು ವಾರ ಹಿಡಿಯಬಹುದು. ಅದು ಬರುವುದೂ ಜಾಹೀರಾತಿನ ಕಾರ್ಡಿನ ಹಾಗೆ. ಕಸ ಅಂತ ಎಸೆದವರಿದ್ದಾರೆ. ಚೆಕ್ಕಿಗೂ ಅವಧಿ ಇರುತ್ತದೆ, ಪ್ರೀಪೇಯ್ಡ್ ಕಾರ್ಡಿಗೂ ಇರುತ್ತದೆ. ಯಾರೂ ಕೇಳದೆ ಉಳಿದ ದುಡ್ಡಿಗೆ ಈ ದಂಧೆಯಲ್ಲಿ 'ಬ್ರೇಕೇಜ್' ಎನ್ನುತ್ತಾರೆ. ಒಂದಷ್ಟು ಜನ ಕೇಳುವುದಿಲ್ಲ ಎಂಬ ಲೆಕ್ಕ ಮೊದಲೇ ಇರುವುದರಿಂದಲೇ ರಿಬೇಟಿನ ಮೊತ್ತ ಅಷ್ಟು ದೊಡ್ಡದಾಗಿ ಕಾಣುವುದು.

ಗಿರಾಕಿಗಳ ಸಿಟ್ಟು ಏರಿ, 2005ರಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರಪಳಿ ಬೆಸ್ಟ್ ಬೈ, ಮೇಲ್-ಇನ್ ರಿಬೇಟುಗಳನ್ನು ಎರಡು ವರ್ಷದೊಳಗೆ ನಿಲ್ಲಿಸುವುದಾಗಿ ಹೇಳಿತು. ಅದೇ ವರ್ಷ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ), ರಿಬೇಟ್ ಬಾಕಿಯ ವಿಷಯಕ್ಕೆ ಕಂಪ್ಯೂಟರ್ ಅಂಗಡಿ ಕಾಂಪ್‌ಯುಎಸ್‌ಎ ಮೇಲೆ ಕ್ರಮ ಕೈಗೊಂಡಿತು. ಆಮೇಲೆ ಈ ಪದ್ಧತಿ ತಗ್ಗಿತು, ಹೋಗಲಿಲ್ಲ. ಕರೆಂಟ್ ಕಂಪನಿಗಳು ಸ್ಮಾರ್ಟ್ ಥರ್ಮೋಸ್ಟಾಟಿಗೆ ರಿಬೇಟ್ ಕೊಡುತ್ತವೆ, ಟೈರಿಗೂ ಇದೆ, ಮೆನಾರ್ಡ್ಸ್ ಅಂಗಡಿಯ ಶೇ 11 ರಿಬೇಟ್ ಅಂತೂ ಹೆಸರುವಾಸಿ. ಅಲ್ಲಿ ಸಿಗುವುದು ನಗದಲ್ಲ, ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಕ್ರೆಡಿಟ್.

ಹೇಳಿದ ಅವಧಿ ಮುಗಿದರೂ ದುಡ್ಡು ಬರದಿದ್ದರೆ ಸುಮ್ನೆ ಕೂರಬೇಡಿ. ಕಂಪನಿ ತಾನು ಹೇಳಿದ ಅವಧಿಯೊಳಗೆ ಕೊಡಲೇಬೇಕು. ಅವಧಿ ಹೇಳಿಲ್ಲದಿದ್ದರೆ 30 ದಿನವನ್ನು ನ್ಯಾಯವಾದ ಅವಧಿ ಎಂದು ಹಿಡಿಯುವ ರೂಢಿ ಇದೆ. ಮೊದಲು ಫಾರ್ಮಿನಲ್ಲಿರುವ ನಂಬರಿಗೆ ಕರೆ ಮಾಡಿ. ತೆಗೆದಿಟ್ಟ ಫೋಟೊ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಎಫ್‌ಟಿಸಿಗೂ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ದೂರು ಕೊಡಿ.