ಸಿಗ್ನಲ್ ತಾನಾಗಿ ಬಣ್ಣ ಬದಲಿಸಬೇಕು, ವೈರಿಂಗ್ ಹೇಗೆ?

ಪ್ರಶ್ನೆ: ನನ್ನ ಮಾಡೆಲ್ ರೈಲಿಗೆ ಮೂರು ದೀಪದ ಸಿಗ್ನಲ್ ಹಾಕಿದ್ದೇನೆ. ಈಗ ಸ್ವಿಚ್ ಒತ್ತಿ ಬದಲಿಸುತ್ತೇನೆ. ಗಾಡಿ ಓಡಿದ ಹಾಗೆ ತಾನಾಗಿ ಬದಲಾಗುವಂತೆ ಮಾಡಬಹುದಾ? ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ.

ಉತ್ತರ: ಪ್ರೋಗ್ರಾಮಿಂಗ್ ಬೇಡ, ರಿಲೇ ಸಾಕು. ರಿಲೇ ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ತಾನಾಗಿ ಬದಲಾಗುವ ಸ್ವಿಚ್; ಬ್ಲಾಕ್ ಅಂದರೆ ಹಳಿಯ ಒಂದು ಪ್ರತ್ಯೇಕ ಭಾಗ. ಆದರೆ ವೈರ್ ಕತ್ತರಿಸುವ ಮೊದಲು ಇಷ್ಟು ಬರೆದಿಟ್ಟುಕೊಳ್ಳಿ: ಸಿಗ್ನಲ್ ಮುಂದಿನ ಬ್ಲಾಕಿನಲ್ಲಿ ಗಾಡಿ ಇದ್ದರೆ ಕೆಂಪು. ಅಲ್ಲಿಲ್ಲ, ಅದರಾಚೆಯ ಬ್ಲಾಕಿನಲ್ಲಿದೆ ಅಂದರೆ ಹಳದಿ. ಎರಡೂ ಖಾಲಿ ಇದ್ದರೆ ಹಸಿರು. ವೈರಿಂಗ್ ಇದೇ ಕ್ರಮದಲ್ಲಿ ಸಾಗುತ್ತದೆ.

ಪ್ರತಿ ಬ್ಲಾಕಿನ ಎರಡೂ ತುದಿಯಲ್ಲಿ ಒಂದು ಹಳಿಯನ್ನು ಕತ್ತರಿಸಿ ಬೇರ್ಪಡಿಸಿ. ಆ ಹಳಿಗೆ ಹೋಗುವ ಕರೆಂಟನ್ನು ಗಮನಿಸುವ ಡಿಟೆಕ್ಟರ್ ಒಂದು, ಕರೆಂಟ್ ಹರಿದಾಗ ಅದು ಎಳೆಯುವ, ಅಂದರೆ ಆನ್ ಮಾಡುವ, ರಿಲೇ ಒಂದು ಬೇಕು. ಎಂಜಿನ್ ಕರೆಂಟ್ ಎಳೆಯುತ್ತದೆ, ಸುಮ್ನೆ ಹಿಂದೆ ಉರುಳುವ ಬೋಗಿ ಎಳೆಯುವುದಿಲ್ಲ. ಅದಕ್ಕೇ ಕೊನೆಯ ಬೋಗಿಯ ಆಕ್ಸಲ್‌ಗಾದರೂ 10 ಕಿಲೋ ಓಮ್ ರೆಸಿಸ್ಟರ್ ಕೂರಿಸುತ್ತಾರೆ. ಇಲ್ಲದಿದ್ದರೆ ಎಂಜಿನ್ ದಾಟಿದ ಕೂಡಲೇ ಬ್ಲಾಕ್ ಖಾಲಿ ಅಂತ ಸಿಗ್ನಲ್ ಹೇಳಿಬಿಡುತ್ತದೆ.

ಈಗ ಮುಖ್ಯ ಭಾಗ. ರಿಲೇಯಲ್ಲಿ ಮೂರು ತುದಿ: ಕಾಮನ್, ರಿಲೇ ಎಳೆದಾಗ ಕಾಮನ್‌ಗೆ ಸೇರುವ ಎನ್ಒ, ಎಳೆಯದಿದ್ದಾಗ ಸೇರಿರುವ ಎನ್‌ಸಿ. 12 ವೋಲ್ಟ್ ಪ್ಲಸ್ ಅನ್ನು ಮೊದಲ ಬ್ಲಾಕಿನ (ಸಿಗ್ನಲ್‌ನ ಮುಂದಿನದು) ರಿಲೇಯ ಕಾಮನ್‌ಗೆ ಕೊಡಿ. ಅದರ ಎನ್ಒ ಕೆಂಪು ಎಲ್ಇಡಿಗೆ. ಎನ್‌ಸಿ ಎರಡನೇ ಬ್ಲಾಕಿನ ರಿಲೇಯ ಕಾಮನ್‌ಗೆ. ಅಲ್ಲಿನ ಎನ್ಒ ಹಳದಿಗೆ, ಎನ್‌ಸಿ ಹಸಿರಿಗೆ. ಕರೆಂಟಿಗೆ ಇರುವುದು ಒಂದೇ ದಾರಿ, ಹಾಗಾಗಿ ಎರಡು ದೀಪ ಒಟ್ಟಿಗೆ ಉರಿಯುವ ಪ್ರಶ್ನೆಯೇ ಇಲ್ಲ. ಮೂರೂ ಎಲ್ಇಡಿಗಳ ಮೈನಸ್ ಸೇರಿಸಿ ಅಲ್ಲೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 10 ಮಿಲಿಆಂಪ್ ಹರಿಯುತ್ತದೆ. ಧಾರಾಳವಾಯಿತು.

ಜಾಸ್ತಿ ಜನ ಎಡವುವುದು ರಿಲೇ ಕೊಳ್ಳುವಾಗ. ಎರಡನೇ ಬ್ಲಾಕಿನ ರಿಲೇ ತನ್ನ ಸಿಗ್ನಲ್‌ನ ಕೆಂಪನ್ನೂ ನೋಡಬೇಕು, ಹಿಂದಿನ ಸಿಗ್ನಲ್‌ನ ಹಳದಿಯನ್ನೂ ನೋಡಬೇಕು ಅಲ್ವಾ? ಅದಕ್ಕೆ ಎರಡು ಸೆಟ್ ಕಾಂಟ್ಯಾಕ್ಟ್ ಇರುವ ಡಿಪಿಡಿಟಿ ರಿಲೇಯನ್ನೇ ಕೊಳ್ಳಿ. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ತಿರುವುಮುರುವಾಗಿ ಇರಲಿ.

ದಾರಿಯಲ್ಲಿ ಪಾಯಿಂಟ್ (ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಜಾಗ) ಇದ್ದರೆ ಪ್ಲಸ್ ಅದರ ಜೊತೆ ಬದಲಾಗುವ ಕಾಂಟ್ಯಾಕ್ಟ್ ದಾಟಿಯೇ ಮೊದಲ ರಿಲೇಗೆ ಬರಬೇಕು. ಪಾಯಿಂಟ್ ಬೇರೆ ಕಡೆ ತಿರುಗಿದ್ದರೆ ನೇರ ಕೆಂಪಿಗೆ.

ನಿಜವಾದ ರೈಲ್ವೆಯಲ್ಲಿ ಹಳಿಯ ಮೇಲೆ ಗಾಡಿ ಇದೆಯೇ ಎಂದು ನೋಡುವ ಟ್ರ್ಯಾಕ್ ಸರ್ಕ್ಯೂಟ್ ಇದಕ್ಕೆ ಉಲ್ಟಾ. ಅಲ್ಲಿ ಹಳಿ ಖಾಲಿ ಇದ್ದಾಗ ರಿಲೇ ಎಳೆದಿರುತ್ತದೆ, ವೈರ್ ತುಂಡಾದರೆ ಕೆಂಪು ಬೀಳುತ್ತದೆ. ನಮ್ಮದರಲ್ಲಿ ರಿಲೇ ಕಾಯಿಲ್‌ನ ವೈರ್ ತುಂಡಾದರೆ ಗಾಡಿ ಇದ್ದರೂ ಹಸಿರು ಬರಬಹುದು. ಬ್ಲಾಕ್ ಖಾಲಿ ಇದ್ದಾಗ ರಿಲೇ ಎಳೆಯುವ ಡಿಟೆಕ್ಟರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಎನ್ಒ, ಎನ್‌ಸಿ ವೈರ್‌ಗಳನ್ನು ಅದಲುಬದಲು ಮಾಡಿದರೆ ಆಯಿತು, ಉಳಿದದ್ದೆಲ್ಲ ಹಾಗೇ.