ಗಾಯದಿಂದ ಮರಳಿದ ಎಳೆಯ ವೇಗಿಗೆ ಎಷ್ಟು ಓವರ್ ಕೊಡಬೇಕು?

ಹದಿನೆಂಟರ ಹುಡುಗ, ಬಲಗೈ ವೇಗದ ಬೌಲರ್. ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದಾಗಿ (ಮತ್ತೆ ಮತ್ತೆ ಬೀಳುವ ಹೊರೆಯಿಂದ ಮೂಳೆಯಲ್ಲಿ ಮೂಡುವ ಬಿರುಕು) ಏಳೆಂಟು ತಿಂಗಳು ಹೊರಗಿದ್ದು ಈಗ ತಂಡಕ್ಕೆ ಮರಳಿದ್ದಾನೆ. ನೋವಿಲ್ಲ, ವೇಗ ಮೊದಲಿನಷ್ಟೇ ಇದೆ, ಫಿಸಿಯೋ ಒಪ್ಪಿಗೆಯೂ ಸಿಕ್ಕಿದೆ. ಬೆಂಗಳೂರಿನ ಲೀಗ್ ಕ್ರಿಕೆಟ್ ನೋಡುವವರಿಗೆ ಇಂಥ ಹುಡುಗರು ಹೊಸಬರಲ್ಲ. ನಾಯಕ ಅವನ ಕೈಗೆ ಹೊಸ ಚೆಂಡು ಕೊಡುತ್ತಾನೆ. ಅಲ್ಲಿಂದ ಮುಂದೆ ಅವನು ಎಷ್ಟು ಓವರ್ ಹಾಕಬೇಕು, ಎಷ್ಟು ದಿನ ಬಿಟ್ಟು ಹಾಕಬೇಕು, ಲೆಕ್ಕ ಯಾರು ಇಡಬೇಕು ಎನ್ನುವುದು ಟಾಸ್‌ಗೆ ಮುಂಚೆಯೇ ತೀರ್ಮಾನವಾಗಿರಬೇಕು. ಮೈದಾನಕ್ಕಿಳಿದ ಮೇಲೆ ಆ ತೀರ್ಮಾನ ಸರಿಯಾಗಿ ಆಗುವುದಿಲ್ಲ. ಅದಕ್ಕೆ ಕಾರಣ ಮೂಳೆಯ ಸ್ವಭಾವದಲ್ಲೇ ಇದೆ.

ಬಿರುಕು ಬಿಡುವ ಜಾಗ ತೀರಾ ಚಿಕ್ಕದು. ಸೊಂಟದ ಐದು ಕಶೇರುಗಳಲ್ಲಿ (ಬೆನ್ನುಮೂಳೆಯ ಮಣಿಗಳಲ್ಲಿ) ಕೆಳಗಿನ ಎರಡು, ಅಂದರೆ ನಾಲ್ಕನೆಯದು ಮತ್ತು ಐದನೆಯದು, ಹೆಚ್ಚಾಗಿ ಪೆಟ್ಟು ತಿನ್ನುತ್ತವೆ. ಕಶೇರುವಿನ ಹಿಂಭಾಗದಲ್ಲಿ ಮೇಲಿನ ಕೀಲನ್ನು ಕೆಳಗಿನ ಕೀಲಿಗೆ ಜೋಡಿಸುವ ಕಿರಿದಾದ ಮೂಳೆಪಟ್ಟಿಯಿದೆ. ವೈದ್ಯರು ಅದನ್ನು ಪಾರ್ಸ್ ಎನ್ನುತ್ತಾರೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಗಡೆಯ ಪಾರ್ಸ್ ಸೀಳುತ್ತದೆ. ಚೆಂಡು ಬಿಡುವ ಮುನ್ನ ಅವನ ಎಡಗಾಲು ಪಾಪಿಂಗ್ ಕ್ರೀಸ್ (ಬೌಲಿಂಗ್ ತುದಿಯ ಮುಂದಿನ ಗೆರೆ) ಬಳಿ ನೆಲಕ್ಕೆ ಅಪ್ಪಳಿಸುತ್ತದೆ. ಆ ಕ್ಷಣದಲ್ಲಿ ಕಾಲು ತಡೆದುಕೊಳ್ಳುವ ಬಲ ದೇಹತೂಕದ ಐದರಿಂದ ಏಳು ಪಟ್ಟು. 70 ಕಿಲೋ ಹುಡುಗನಾದರೆ 350ರಿಂದ 490 ಕಿಲೋ ಭಾರಕ್ಕೆ ಸಮ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಇದು ಮುಗಿದುಹೋಗುತ್ತದೆ. ಅದೇ ಹೊತ್ತಿಗೆ ಮುಂಡ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಚಿಕೊಳ್ಳುತ್ತಿರುತ್ತದೆ. ಮೂರೂ ಚಲನೆ ಒಟ್ಟಿಗೆ ಸೇರಿ ಎಡಗಡೆಯ ಪಾರ್ಸನ್ನು ಹಿಸುಕುತ್ತವೆ. ಹಿಂಗಾಲು ಊರಿದಾಗ ಎದೆ ಬ್ಯಾಟರ್ ಕಡೆಗಿದ್ದು, ಆಮೇಲೆ ಭುಜ 30 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ತಿರುಗುವ 'ಮಿಕ್ಸೆಡ್ ಆ್ಯಕ್ಷನ್' ಇದ್ದರಂತೂ ಅಪಾಯ ಇನ್ನೂ ಹೆಚ್ಚು.

ಮೂಳೆ ಒಂದೇ ಎಸೆತಕ್ಕೆ ಮುರಿಯುವುದಿಲ್ಲ. ಪ್ರತಿ ಹೊರೆಯೂ ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳನ್ನು ಮಾಡುತ್ತದೆ, ದೇಹ ಅವನ್ನು ರಿಪೇರಿ ಮಾಡುತ್ತಾ ಹೋಗುತ್ತದೆ. ರಸ್ತೆ ದುರಸ್ತಿಯಲ್ಲಿ ಹಳೆಯ ಡಾಂಬರು ಕಿತ್ತ ಮೇಲೆಯೇ ಹೊಸದು ಬೀಳುವಂತೆ, ಇಲ್ಲೂ ಒಂದು ಬಗೆಯ ಜೀವಕೋಶಗಳು ಮೊದಲು ಹಾಳಾದ ಮೂಳೆಯನ್ನು ಕರಗಿಸಿ ತೆಗೆಯುತ್ತವೆ, ಇನ್ನೊಂದು ಬಗೆಯವು ಆಮೇಲೆ ಬಂದು ತುಂಬುತ್ತವೆ. ತೆಗೆಯಲು ಸುಮಾರು ಮೂರು ವಾರ ಸಾಕು, ತುಂಬಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ನಡುವಿನ ಅವಧಿಯಲ್ಲಿ ಆ ಜಾಗ ಮೊದಲಿಗಿಂತಲೂ ದುರ್ಬಲ. ಆದ್ದರಿಂದಲೇ ಇವತ್ತು ಅತಿಯಾಗಿ ಬೌಲಿಂಗ್ ಮಾಡಿಸಿದ್ದರ ಫಲ ಇವತ್ತು ಕಾಣುವುದಿಲ್ಲ. ಒಂದೇ ಪಂದ್ಯದಲ್ಲಿ 50ಕ್ಕೂ ಹೆಚ್ಚು ಓವರ್ ಹಾಕಿದ ವೇಗಿಗಳಲ್ಲಿ ಮುಂದಿನ ಮೂರು ವಾರಗಳಲ್ಲಿ ಗಾಯದ ಸಾಧ್ಯತೆ ಏರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲೇ ತೋರಿಸಿದ್ದರು. ಹುಡುಗನ ಸೊಂಟ ಹಿಡಿದುಕೊಳ್ಳುವ ಹೊತ್ತಿಗೆ ಅವನಿಂದ ಸತತ ಹನ್ನೊಂದು ಓವರ್ ಹಾಕಿಸಿದ ಪಂದ್ಯ ಎಲ್ಲರಿಗೂ ಮರೆತಿರುತ್ತದೆ. ಕೊನೆಗೆ ತಪ್ಪು ಮೊನ್ನೆಯ ನೆಟ್ಸ್‌ ಮೇಲೋ ಅವನ ಜಿಮ್ ಮೇಲೋ ಬೀಳುತ್ತದೆ.

ಎಳೆಯರಿಗೇ ಇದು ಹೆಚ್ಚು ಕಾಡುವುದೇಕೆ? ಕೆಳಬೆನ್ನಿನ ಮೂಳೆ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಸ್ನಾಯು, ವೇಗ, ಹುಮ್ಮಸ್ಸು ಎಲ್ಲವೂ ಹದಿನೆಂಟಕ್ಕೇ ಬಂದಿರುತ್ತವೆ. ಆಸ್ಟ್ರೇಲಿಯಾದ ವೇಗಿ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ 18ನೇ ವಯಸ್ಸಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟು ಏಳು ವಿಕೆಟ್ ಪಡೆದರು. ಅವರ ಎರಡನೇ ಟೆಸ್ಟ್ ನಡೆದದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ವರ್ಷಗಳಲ್ಲಿ ಬೆನ್ನಿನ ಮೂಳೆ ಮತ್ತೆ ಮತ್ತೆ ಕೈಕೊಟ್ಟಿತು. ನಮ್ಮ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಕೂಡ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ 2023ರ ಐಪಿಎಲ್ ಪೂರ್ತಿ ಕಳೆದುಕೊಂಡು, ಅದೇ ವರ್ಷ ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸದಲ್ಲಿ ಮರಳಿದರು.

ಈಗ ಲೆಕ್ಕದ ವಿಷಯ. ಬೆಂಗಳೂರಿನ ಪ್ರತಿಭಾವಂತ ಹುಡುಗನೊಬ್ಬ ಒಂದೇ ಕಾಲಕ್ಕೆ ಕಾಲೇಜಿಗೆ, ಲೀಗ್ ಕ್ಲಬ್ಬಿಗೆ, ಅಕಾಡೆಮಿಗೆ, ಕೆಲವೊಮ್ಮೆ ರಾಜ್ಯದ ವಯೋಮಿತಿ ತಂಡಕ್ಕೂ ಸೇರಿದವನು. ದೊಡ್ಡ ತಂಡ ಊರಿಗೆ ಬಂದರೆ ನೆಟ್ ಬೌಲರ್ ಆಗಿಯೂ ಕರೆ ಬರುತ್ತದೆ. ಪ್ರತಿ ಕೋಚ್‌ಗೂ ತಾನು ಕೊಟ್ಟ ಹೊರೆ ಮಾತ್ರ ಗೊತ್ತು. ಒಂದು ಭಾನುವಾರ ತೆಗೆದುಕೊಳ್ಳಿ. ಬೆಳಿಗ್ಗೆ ಪಂದ್ಯಕ್ಕೆ ಮುಂಚೆ ಪಕ್ಕದ ಪಿಚ್‌ನಲ್ಲಿ ವಾರ್ಮ್‌ಅಪ್‌ಗೆ 18 ಎಸೆತ. ಪಂದ್ಯದಲ್ಲಿ 8 ಓವರ್, ಅಂದರೆ 48. ಜೊತೆಗೆ ಮೂರು ವೈಡ್, ಎರಡು ನೋಬಾಲ್. ಸಂಜೆ ಅಕಾಡೆಮಿ ನೆಟ್ಸ್‌ನಲ್ಲಿ 36. ಮುಗಿಸಿ ಶೂ ಬಿಚ್ಚುವಷ್ಟರಲ್ಲಿ ಸೀನಿಯರ್ ಒಬ್ಬರು "ಇನ್ನೊಂದೆರಡು ಓವರ್ ಹಾಕು ಮಗಾ" ಎಂದರೆ ಇನ್ನೂ 12. ಸ್ಕೋರ್‌ಬುಕ್‌ನಲ್ಲಿ 8 ಓವರ್ ಎಂದಿದೆ, ಬೆನ್ನುಮೂಳೆ ಹೊತ್ತದ್ದು 119 ಎಸೆತ.

ಹಾಗಾಗಿ ಓವರ್ ಅಲ್ಲ, ಎಸೆತ ಎಣಿಸಬೇಕು. ವೈಡ್, ನೋಬಾಲ್, ವಾರ್ಮ್‌ಅಪ್, ನೆಟ್ಸ್ ಎಲ್ಲವೂ ಸೇರಬೇಕು. ಹುಡುಗನ ಫೋನಿನಲ್ಲಿ ಒಂದೇ ಪಟ್ಟಿ ಸಾಕು: ದಿನಾಂಕ, ಎಸೆತ, ಎಷ್ಟು ಬಲ ಹಾಕಿದ (ಹತ್ತಕ್ಕೆ ಇಂತಿಷ್ಟು), ಮರುದಿನ ಬೆಳಿಗ್ಗೆ ಸೊಂಟ ಹೇಗಿತ್ತು. ಆ ಪಟ್ಟಿ ಮೂರೂ ಕೋಚ್‌ಗಳಿಗೆ ಕಾಣುವಂತಿರಬೇಕು. "ಇವತ್ತು ಬೇಡ ಸಾರ್" ಎನ್ನುವ ಕೆಲಸವನ್ನು ಹುಡುಗನ ತಲೆಗೆ ಕಟ್ಟಬಾರದು. ಆಯ್ಕೆಯ ಆಸೆಯಲ್ಲಿರುವ ಹದಿನೆಂಟರವನು ಹಾಗೆ ಹೇಳುವುದಿಲ್ಲ. ತಂಡದಲ್ಲಿ ಒಬ್ಬರು, ಫಿಸಿಯೋ ಇಲ್ಲದಿದ್ದರೆ ಮ್ಯಾನೇಜರ್, ಆ ಮಾತು ಹೇಳುವ ಅಧಿಕಾರ ಹೊಂದಿರಬೇಕು.

ಬೇಸ್‌ಬಾಲ್‌ನವರು ಈ ಎಣಿಕೆಯಲ್ಲಿ ನಮಗಿಂತ ಬಹಳ ಮುಂದಿದ್ದಾರೆ. ಅಲ್ಲಿ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಸವೆಯುವುದು ಮೊಣಕೈಯ ಒಳಬದಿಯ ಅಸ್ಥಿರಜ್ಜು. ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಎಳೆಯ ಪಿಚರ್‌ಗೆ 2010ರಲ್ಲಿ ಆ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆ ಆಯಿತು. 2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಲೀಗ್‌ನಲ್ಲಿ ಮೇಲಿದ್ದರೂ, ಮೊದಲೇ ಹೇಳಿದ್ದಂತೆ, ಸೆಪ್ಟೆಂಬರ್‌ನಲ್ಲಿ 159⅓ ಇನಿಂಗ್ಸ್‌ಗೆ (ಪಿಚರ್ ಲೆಕ್ಕದಲ್ಲಿ ಮೂರು ಔಟ್ ಸೇರಿದರೆ ಒಂದು ಇನಿಂಗ್ಸ್) ಅವರನ್ನು ನಿಲ್ಲಿಸಿಬಿಟ್ಟಿತು. ನಾಕೌಟ್‌ನ ಮೊದಲ ಸರಣಿಯಲ್ಲೇ ತಂಡ ಸೋತು ಟೀಕೆ ತಿಂದಿತು. 2019ರಲ್ಲಿ ಅದೇ ತಂಡ ವಿಶ್ವ ಸರಣಿ (ಆ ಲೀಗ್‌ನ ಫೈನಲ್) ಗೆದ್ದಾಗ ಅತ್ಯುತ್ತಮ ಆಟಗಾರ ಇದೇ ಸ್ಟ್ರಾಸ್‌ಬರ್ಗ್. ನಿಲ್ಲಿಸಿದ್ದರಿಂದಲೇ ಹಾಗಾಯಿತೆಂದು ಹೇಳಲಾಗದು. ಆದರೆ ಮಿತಿ ಹಾಕಿ ಅದಕ್ಕೆ ಬದ್ಧರಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. ತಪ್ಪಿದ್ದು ಇನ್ನೊಂದು ಕಡೆ: ಏಪ್ರಿಲ್‌ನ ಮೊದಲ ವಾರದಿಂದಲೇ ಆಡಿಸಿದ್ದರಿಂದ ಮುಖ್ಯ ಪಂದ್ಯಗಳ ಹೊತ್ತಿಗೆ ಕೋಟಾ ಖಾಲಿ. ನಮ್ಮ ತಂಡಗಳು ಇಲ್ಲಿಂದ ಕಲಿಯಬೇಕಾದದ್ದಿದೆ. ಹುಡುಗ ನವೆಂಬರ್‌ನ ಕೂಚ್ ಬೆಹಾರ್ ಟ್ರೋಫಿಗೆ (19ರೊಳಗಿನವರ ರಾಷ್ಟ್ರೀಯ ಟೂರ್ನಿಗೆ) ಬೇಕೆಂದರೆ ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಆಗಸ್ಟ್‌ನಲ್ಲಿ ಅವನ ಎಸೆತಗಳು ಎಲ್ಲಿ ಖರ್ಚಾಗಬೇಕು, ಎಲ್ಲಿ ಆಗಬಾರದು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಿಂದಕ್ಕೆ ಎಣಿಸಿದರೆ ಕನಿಷ್ಠ ಹತ್ತು ವಾರದ ಬೌಲಿಂಗ್ ತಯಾರಿ ಬೇಕು. ಅದಕ್ಕೂ ಮುಂಚೆ ಒಂಟಿಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ನೋವಿರಬಾರದು, ಸ್ಕ್ಯಾನ್ ನೋಡಿ ವೈದ್ಯರು ಒಪ್ಪಿರಬೇಕು, ಮೂರ್ನಾಲ್ಕು ವಾರ ಪೂರ್ಣ ವೇಗದಲ್ಲಿ ಓಡಿರಬೇಕು. ಮೊದಲ ಎರಡು ವಾರ ನಿಂತಲ್ಲಿಂದ ಅಥವಾ ನಡೆದು ಬಂದು, ಅರ್ಧ ಬಲದಲ್ಲಿ, ವಾರಕ್ಕೆ ಮೂರು ದಿನ 18ರಿಂದ 24 ಎಸೆತ. ಮೂರು, ನಾಲ್ಕನೇ ವಾರ ಚಿಕ್ಕ ರನ್‌ಅಪ್, ದಿನಕ್ಕೆ 24ರಿಂದ 30. ಐದರಿಂದ ಏಳನೇ ವಾರದವರೆಗೆ ಪೂರ್ತಿ ರನ್‌ಅಪ್, ಬಲ ಹತ್ತಕ್ಕೆ ಎಂಟು, 30ರಿಂದ 36. ಕೊನೆಯ ಮೂರು ವಾರ ಪೂರ್ಣ ವೇಗ, ವಾರಕ್ಕೆ ನಾಲ್ಕು ದಿನ 36ರಿಂದ 48. ಅದರಲ್ಲಿ ಒಮ್ಮೆ ಮಾತ್ರ ಸತತ ಎರಡು ದಿನ. ಹೀಗೆ ವಾರಕ್ಕೆ 150 ಎಸೆತ ದಾಟಿದ ಮೇಲೆಯೇ ಪಂದ್ಯ. ಎಸೆತ ಹೆಚ್ಚಿಸಿದ ವಾರ ಬಲ ಹೆಚ್ಚಿಸಬಾರದು, ಬಲ ಹೆಚ್ಚಿಸಿದ ವಾರ ಎಸೆತ ಹೆಚ್ಚಿಸಬಾರದು. ಎರಡನ್ನೂ ಒಟ್ಟಿಗೆ ಏರಿಸಿ ನೋವು ಬಂದರೆ ಯಾವುದರಿಂದ ಬಂತು ಎಂದು ತಿಳಿಯುವುದೇ ಇಲ್ಲ.

120 ಎಸೆತವನ್ನು ಒಂದೇ ದಿನ ಹಾಕುವುದಕ್ಕಿಂತ ನಾಲ್ಕು ದಿನ 30ರಂತೆ ಹಾಕುವುದು ಮೂಳೆಗೆ ಒಳ್ಳೆಯದು. ಹೊರೆ ಬಿದ್ದಾಗ ಮೂಳೆಯ ಜೀವಕೋಶಗಳು ಮೊದಲ ಕೆಲವು ಡಜನ್ ಪೆಟ್ಟುಗಳಿಗೆ ಚೆನ್ನಾಗಿ ಸ್ಪಂದಿಸಿ, ಆಮೇಲೆ ಮಂಕಾಗುತ್ತವೆ. ಸೂಕ್ಷ್ಮತೆ ಮರಳಲು ಹೆಚ್ಚೂಕಡಿಮೆ ಒಂದು ದಿನ ಬೇಕು. ಆ ಮಂಕು ಅವಧಿಯಲ್ಲಿ ಹಾಕಿದ ಎಸೆತ ಮೂಳೆಯನ್ನು ಗಟ್ಟಿ ಮಾಡುವುದಿಲ್ಲ, ಸವೆಸುವುದನ್ನು ಮಾತ್ರ ಮುಂದುವರಿಸುತ್ತದೆ.

ನಾಲ್ಕು ದಿನದ ಪಂದ್ಯದಲ್ಲಿ ಅವನನ್ನು ಐದನೇ ಬೌಲರ್ ಆಗಿ ಆಡಿಸಬೇಕು, ಅಂದರೆ ಅವನಿಲ್ಲದೆಯೂ ದಿನದ 90 ಓವರ್ ನಡೆಸಬಲ್ಲ ನಾಲ್ವರು ಇರಬೇಕು. ಮೊದಲ ಪಂದ್ಯದಲ್ಲಿ ನಾಲ್ಕು ಓವರ್‌ಗಳ ಸ್ಪೆಲ್ (ಒಂದೇ ಸರದಿಯ ಸತತ ಬೌಲಿಂಗ್), ದಿನಕ್ಕೆ 12 ಓವರ್, ಪಂದ್ಯಕ್ಕೆ 24 ಓವರ್ ದಾಟದಿರಲಿ. ಇಂಗ್ಲೆಂಡ್ ಮಂಡಳಿಯ ಮಾರ್ಗಸೂಚಿಯಲ್ಲಿ ಪೂರ್ತಿ ಆರೋಗ್ಯವಾಗಿರುವ 19ರೊಳಗಿನ ವೇಗಿಗೇ ಸ್ಪೆಲ್‌ಗೆ 7, ದಿನಕ್ಕೆ 18 ಓವರ್ ಮಿತಿ ಇತ್ತೆಂಬುದನ್ನು ನೆನಪಿಟ್ಟರೆ ಇದು ಅತಿ ಎಚ್ಚರ ಅನ್ನಿಸದು. ನಾಯಕನಿಗೆ ಕಷ್ಟವಾಗುವುದು ಎದುರಾಳಿ ಎಂಟು ವಿಕೆಟ್ ಕಳೆದುಕೊಂಡು ಬಾಲಂಗೋಚಿಗಳು ಅಂಟಿಕೊಂಡಾಗ. "ಒಂದೇ ಓವರ್" ಎಂದು ಕರೆದದ್ದು ಐದಾಗುತ್ತದೆ.

ಫಾಲೋಆನ್, ಅಂದರೆ ಎದುರಾಳಿಗೆ ಬೆನ್ನುಬೆನ್ನಿಗೆ ಎರಡನೇ ಸಲ ಬ್ಯಾಟಿಂಗ್ ಹೇರುವುದು, ಇದಕ್ಕಿಂತ ದೊಡ್ಡ ಬಲೆ. ನಾಲ್ಕು ದಿನದ ಪಂದ್ಯದಲ್ಲಿ 150 ರನ್ ಮುನ್ನಡೆ ಸಿಕ್ಕರೆ ಹೇರಬಹುದು. ಹೇರಿದರೆ, ಆಗ ತಾನೇ 12 ಓವರ್ ಹಾಕಿ ಬೆವರಾರದ ಹುಡುಗ ಹತ್ತು ನಿಮಿಷದಲ್ಲಿ ಮತ್ತೆ ಹೊಸ ಚೆಂಡು ಹಿಡಿಯುತ್ತಾನೆ. ಬೆನ್ನಿನ ಗಾಯದಿಂದ ಮರಳಿದ ವೇಗಿ ತಂಡದಲ್ಲಿದ್ದರೆ ಫಾಲೋಆನ್ ಹೇರದೆ ತಾವೇ ಮತ್ತೆ ಬ್ಯಾಟಿಂಗ್ ಮಾಡುವುದೇ ಲೇಸು. ಹೇರಲೇಬೇಕಾದರೆ ಆ ದಿನ ಅವನು ಫೀಲ್ಡಿಂಗ್ ಮಾತ್ರ ಮಾಡಲಿ.

ಟಿ20ಯಲ್ಲಿ ಹಾಕುವುದು 24 ಎಸೆತ ತಾನೇ, ಅಲ್ಲಿಂದ ಶುರು ಮಾಡೋಣ ಎನ್ನುವವರೇ ಹೆಚ್ಚು. ಮೊದಲ ಪಂದ್ಯಕ್ಕೆ ಅದು ಸರಿಯೇ. ಆದರೆ ಮೂರು ವಾರ ಬರೀ ಟಿ20 ಆಡಿದರೆ ವಾರದ ಹೊರೆ 150ರಿಂದ 70ಕ್ಕೆ ಇಳಿದಿರುತ್ತದೆ. ಅಲ್ಲಿಂದ ನೇರವಾಗಿ ನಾಲ್ಕು ದಿನದ ಪಂದ್ಯಕ್ಕೆ ಹೋದರೆ ಹೊರೆ ಒಮ್ಮೆಲೇ ದುಪ್ಪಟ್ಟು ದಾಟುತ್ತದೆ, ಮೂಳೆಗೆ ಬೇಡವಾದದ್ದು ಈ ಜಿಗಿತವೇ. ಟಿ20 ಟೂರ್ನಿಯ ನಡುವೆ ಪಂದ್ಯವಿಲ್ಲದ ದಿನಗಳಲ್ಲಿ ನೆಟ್ಸ್‌ನಲ್ಲಿ 30 ಎಸೆತದಂತೆ ಸೇರಿಸಿ ಹೊರೆ ಕಾಯ್ದುಕೊಳ್ಳಬೇಕು. ವಾರದ ಎಸೆತವನ್ನು ಹಿಂದಿನ ನಾಲ್ಕು ವಾರದ ಸರಾಸರಿಗೆ ಹೋಲಿಸುವ ರೂಢಿಯಿದೆ. ಒಂದೂವರೆ ಪಟ್ಟು ದಾಟಿದರೆ ಅಪಾಯ ಎನ್ನುವ ಆ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞರ ತಕರಾರುಗಳಿವೆ. ಆದರೂ ಮುಂದಿನ ವಾರದ ಯೋಜನೆ ಹಾಕುವಾಗ ಜಿಗಿತ ಗುರುತಿಸಲು ಅದು ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆಯ ಗುರುತು ಹೀಗಿರುತ್ತದೆ: ಬೌಲಿಂಗ್ ಕೈಯ ಎದುರು ಬದಿಯ ಸೊಂಟದಲ್ಲಿ, ಒಂದೇ ಕಡೆ, ಬೆರಳಿಟ್ಟು ತೋರಿಸಬಹುದಾದ ನೋವು, ಹಿಂದಕ್ಕೆ ಬಾಗಿದಾಗ ಹೆಚ್ಚಾಗುವುದು, ಮರುದಿನ ಬೆಳಿಗ್ಗೆಯೂ ಉಳಿಯುವುದು. "ಸೊಂಟ ಹಿಡ್ಕೊಂಡಿದೆ ಅಷ್ಟೇ" ಎಂದು ಮುಲಾಮು ಹಚ್ಚಿ, ನೋವಿನ ಮಾತ್ರೆ ನುಂಗಿಸಿ ಆಡಿಸುವುದು ಅತಿ ದೊಡ್ಡ ತಪ್ಪು. ಎಕ್ಸ್‌ರೇ ಈ ಹಂತದಲ್ಲಿ ಬಹುಪಾಲು ಸಹಜವಾಗಿಯೇ ಕಾಣುತ್ತದೆ, ಬೇಕಾದ್ದು ಎಂಆರ್‌ಐ. ಬಿರುಕು ಮೂಡುವ ಮುಂಚೆಯೇ ಮೂಳೆಯೊಳಗಿನ ಊತ ಅದರಲ್ಲಿ ಕಾಣುತ್ತದೆ. ಆಗಲೇ ನಿಲ್ಲಿಸಿದರೆ ಕೆಲವು ವಾರ ಹೋಗುತ್ತವೆ. ಸೀಳಿದ ಮೇಲಾದರೆ ಅರ್ಧ ವರ್ಷಕ್ಕೂ ಹೆಚ್ಚು.

ಊಟದ ಬಗ್ಗೆ ಒಂದು ಮಾತು. ಈ ವಯಸ್ಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಹಾಲು, ಮೊಸರು ಸೇರಿದರೆ ಲೆಕ್ಕ ಹೆಚ್ಚೂಕಡಿಮೆ ತುಂಬುತ್ತದೆ. ವಿಟಮಿನ್ ಡಿ ಮಾತ್ರ ರಕ್ತಪರೀಕ್ಷೆ ಮಾಡಿಸಿಯೇ ನೋಡಬೇಕು.

ಇನ್ನು ಬೆಂಗಳೂರಿನ ಹುಡುಗರಿಗೇ ವಿಶೇಷವಾದದ್ದು ಪಿಯುಸಿ ಪರೀಕ್ಷೆ. ಫೆಬ್ರವರಿ, ಮಾರ್ಚ್‌ನಲ್ಲಿ ಆರೆಂಟು ವಾರ ಚೆಂಡು ಮುಟ್ಟದೆ ಕೂತು, ಏಪ್ರಿಲ್‌ನ ಬೇಸಿಗೆ ಟೂರ್ನಿಗಳಲ್ಲಿ ದಿನ ಬಿಟ್ಟು ದಿನ ಹತ್ತು ಓವರ್, ಅದೂ ಕಾಂಕ್ರೀಟಿನ ಮೇಲೆ ಹಾಸಿದ ಮ್ಯಾಟಿಂಗ್ ಪಿಚ್‌ನಲ್ಲಿ. ಪರೀಕ್ಷೆಯ ದಿನಗಳಲ್ಲೂ ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ, 24 ಎಸೆತ ಹಾಕಿಸಲು ಮನೆಯವರನ್ನು ಒಪ್ಪಿಸಬೇಕು. ಏಪ್ರಿಲ್‌ನ ಮೊದಲ ಮೂರು ವಾರ ಅವನ ಹೆಸರು ಯಾವ ಟೂರ್ನಿಯ ಪಟ್ಟಿಯಲ್ಲೂ ಬೇಡ.