ಬೂತ್‌ನಿಂದ ವಾಪಸ್ ಹೊರಡುವ ಮುನ್ನ

'ಕಾರ್ಡ್ ಇದೆ ಸರ್, ಆದ್ರೂ ವೋಟ್ ಹಾಕೋಕೆ ಬಿಡ್ತಾರೋ ಇಲ್ವೋ?' ದಾವಣಗೆರೆಯ ನಿಟುವಳ್ಳಿಯಲ್ಲಿ ಬಾಡಿಗೆಗಿರುವ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರು ಕೇಳಿದ ಪ್ರಶ್ನೆ ಇದು. ಮನೆ ಬದಲಾಗಿದೆ, ಪಟ್ಟಿಯಲ್ಲಿ ಹೆಸರಿನ ಅಕ್ಷರ ತಪ್ಪಿದೆ. ಅವರ ಆತಂಕ ಸಹಜವೇ.

ಪ್ರಿಸೈಡಿಂಗ್ ಆಫೀಸರ್ (ಬೂತಿನ ಉಸ್ತುವಾರಿ ಅಧಿಕಾರಿ) ಆಗಿ ಕೂತವನಾಗಿ, ಚುನಾವಣಾ ಸಿಬ್ಬಂದಿಗೆ ತರಬೇತಿ ಕೊಡುವವನಾಗಿ ಒಂದು ಮಾತು ಹೇಳುತ್ತೇನೆ. ಬೂತ್ ಬಾಗಿಲಲ್ಲಿ ಯಾರೋ 'ನಿಮ್ದಿಲ್ಲಿ ಇಲ್ಲ, ಹೋಗಿ' ಅಂದ ಕೂಡಲೇ ಎಷ್ಟೋ ಜನ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಹೋಗಬೇಡಿ. ಒಳಗಿರುವ ಪ್ರಿಸೈಡಿಂಗ್ ಆಫೀಸರ್ ಅವರನ್ನೇ ಕಂಡು ಮಾತಾಡಿ. ಅಲ್ಲಿ ತೀರ್ಮಾನ ಅವರದು, ಪಾರ್ಟಿ ಏಜೆಂಟರದ್ದಲ್ಲ.

ಮುಖ್ಯವಾದದ್ದು ಪಟ್ಟಿಯಲ್ಲಿ ಹೆಸರು. ಅದಿಲ್ಲದಿದ್ದರೆ ಕಾರ್ಡ್ ಇದ್ದರೂ ವೋಟ್ ಇಲ್ಲ, ಆ ದಿನ ಯಾರಿಂದಲೂ ಏನೂ ಮಾಡಲಾಗದು. ಹೆಸರಿದ್ದರೆ ಮಾತ್ರ ವೋಟರ್ ಐಡಿ ಕಳೆದಿದ್ದರೂ ಚಿಂತೆ ಬೇಡ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಮೊಬೈಲಿನಲ್ಲಿರುವ ಫೋಟೋ ನಂಬಿಕೊಂಡು ಹೋಗಬೇಡಿ, ಕಾರ್ಡನ್ನೇ ಒಯ್ಯಿರಿ. ಮನೆಗೆ ಬಂದು ಕೊಡುವ ವೋಟರ್ ಸ್ಲಿಪ್ ಒಂದನ್ನೇ 2019ರಿಂದ ಗುರುತಿನ ದಾಖಲೆಯಾಗಿ ಒಪ್ಪುವುದಿಲ್ಲ. ಇದು ಗೊತ್ತಿಲ್ಲದೆ ಸ್ಲಿಪ್ ಮಾತ್ರ ಹಿಡಿದು ಬರುವ ಹಿರಿಯರು ಈಗಲೂ ಇದ್ದಾರೆ. ಇನ್ನು ಹೆಸರಿನ ಒಂದಕ್ಷರ ಆಚೀಚೆ ಆಗಿದ್ದರೆ, ನೀವು ಅದೇ ವ್ಯಕ್ತಿ ಅಂತ ಖಾತ್ರಿಯಾದರೆ ಸಾಕು, ತಡೆಯುವಂತಿಲ್ಲ.

ಬಾಡಿಗೆ ಮನೆ ಬದಲಿಸುವವರಿಗೆ ಇನ್ನೊಂದು ಭಯ ಇರುತ್ತದೆ. ಪ್ರತಿ ಬೂತಿನಲ್ಲೂ ಗೈರುಹಾಜರಾದವರು, ಬೇರೆಡೆ ಹೋದವರು, ತೀರಿಕೊಂಡವರು ಅಂತ ಎಎಸ್‌ಡಿ ಪಟ್ಟಿ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು ಸೇರಿದ್ದರೂ ವೋಟ್ ಹಕ್ಕು ಹೋಗುವುದಿಲ್ಲ. ದಾಖಲೆಯನ್ನು ಜಾಸ್ತಿ ಎಚ್ಚರಿಕೆಯಿಂದ ನೋಡುತ್ತಾರೆ, ಸಹಿಯ ಜೊತೆಗೆ ಹೆಬ್ಬೆಟ್ಟನ್ನೂ ತೆಗೆದುಕೊಳ್ಳುತ್ತಾರೆ, ಆಮೇಲೆ ವೋಟ್ ಹಾಕಿಸುತ್ತಾರೆ. ಇದನ್ನು ತರಬೇತಿಯಲ್ಲಿ ಒತ್ತಿ ಹೇಳುತ್ತೇನೆ. ಬದುಕಿರುವ ಮನುಷ್ಯ ಎದುರಿಗೆ ನಿಂತಿರುವಾಗ ಪಟ್ಟಿ ತೋರಿಸಿ ವಾಪಸ್ ಕಳಿಸುವುದು ದೊಡ್ಡ ಅನ್ಯಾಯ.

ಅದಕ್ಕಿಂತ ಹೊಟ್ಟೆ ಉರಿಯುವ ಪ್ರಸಂಗವೂ ಇದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ವೋಟ್ ಹಾಕಿ ಹೋಗಿರುತ್ತಾರೆ. ಆಗ 'ಟೆಂಡರ್ ಮತ ಕೊಡಿ' ಅಂತ ಕೇಳಿ. 1961ರ ಚುನಾವಣಾ ನಿಯಮಗಳ 49ಪಿ ಇದಕ್ಕಾಗಿಯೇ ಇದೆ. ನಿಮ್ಮ ಗುರುತಿನ ಬಗ್ಗೆ ಪ್ರಿಸೈಡಿಂಗ್ ಆಫೀಸರ್‌ಗೆ ತೃಪ್ತಿಯಾದರೆ 17ಬಿ ನಮೂನೆಯಲ್ಲಿ ಸಹಿ ಪಡೆದು ಕಾಗದದ ಮತಪತ್ರ ಕೊಡುತ್ತಾರೆ. ಮತಯಂತ್ರದಲ್ಲಿ ಒತ್ತುವ ಹಾಗಿಲ್ಲ. ನೀವು ಗುರುತು ಹಾಕಿದ ಮತಪತ್ರವನ್ನು ಪ್ರತ್ಯೇಕ ಕವರಿನಲ್ಲಿ ಇಡುತ್ತಾರೆ. ಎಣಿಕೆಯ ದಿನ ಇದನ್ನು ಸೇರಿಸಿ ಎಣಿಸುವುದಿಲ್ಲ, ನಿಜ. ಹಾಗಾದರೆ ಏನು ಪ್ರಯೋಜನ ಅಂತೀರಾ? ಫಲಿತಾಂಶ ಕೋರ್ಟಿಗೆ ಹೋದಾಗ ಇದು ಸಾಕ್ಷಿಯಾಗಬಲ್ಲದು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಗೆಲುವಿನ ಅಂತರ ಒಂದೇ ಒಂದು ಮತ. 2023ರಲ್ಲಿ ಜಯನಗರದಲ್ಲಿ 16. ಅಷ್ಟು ಹತ್ತಿರದ ಸ್ಪರ್ಧೆಯಲ್ಲಿ ಕವರಿನಲ್ಲಿರುವ ಒಂದು ಕಾಗದಕ್ಕೂ ಬೆಲೆ ಬರುತ್ತದೆ. ನೀವು ಸುಮ್ಮನೆ ಮನೆಗೆ ಹೋದರೆ ಮೋಸ ನಡೆದದ್ದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ಸಂಜೆ ಕೆಲಸ ಮುಗಿಸಿ ಓಡಿ ಬರುವವರು ಗಮನಿಸಿ. ಮತದಾನ ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿದ್ದರೆ ಚೀಟಿ ಕೊಡುತ್ತಾರೆ. ಸಾಲಿನ ಕೊನೆಯವರಿಂದ ಹಂಚುತ್ತಾ ಬರುತ್ತಾರೆ, ನಂತರ ಬಂದವರು ನುಸುಳಬಾರದು ಅಂತ. ಚೀಟಿ ಸಿಕ್ಕವರೆಲ್ಲ ಎಷ್ಟು ಹೊತ್ತಾದರೂ ವೋಟ್ ಹಾಕಿಯೇ ಹೋಗಬಹುದು.

ನಿಜ ಹೇಳಬೇಕೆಂದರೆ ದಿನಗೂಲಿಯವರಿಗೆ ದೊಡ್ಡ ಅಡ್ಡಿ ಬೂತಿನ ಹೊರಗೇ ಇದೆ. ಒಂದು ದಿನದ ಕೂಲಿ ಹೋಗುತ್ತದಲ್ವಾ? ಜನಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ. ಈ ಮೊತ್ತ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಯಾವ ಮಾಲೀಕನೂ ಹೆದರಲಾರ.

ಮಂಡಕ್ಕಿ ಭಟ್ಟಿಯ ಆ ಕಾರ್ಮಿಕರಿಗೆ ನಾನು ಹೇಳಿದ್ದಿಷ್ಟು. ಮನೆ ಬದಲಾದದ್ದಕ್ಕೂ ಹೆಸರಿನ ತಿದ್ದುಪಡಿಗೂ ಫಾರಂ 8 ಒಂದೇ, ಅದನ್ನು ಈಗಲೇ ನಿಮ್ಮ ಬಿಎಲ್‌ಒಗೆ, ಅಂದರೆ ನಿಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿಗೆ ಕೊಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿ ಬದಲಾಗುವುದಿಲ್ಲ. ಗೊಂದಲ ಇದ್ದರೆ 1950ಕ್ಕೆ ಕರೆ ಮಾಡಿ, ನಿಮ್ಮ ಬೂತ್ ಯಾವ ಶಾಲೆಯಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ.